ಪಕ್ಷವಿಲ್ಲದ ಇಂಜಿನಿಯರ್ ಸರ್ಕಾರ ನಡೆಸಿದ ಆರು ವರ್ಷ

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಸರ್ಕಾರ ಬಿದ್ದು, ಯಾವ ಪಕ್ಷಕ್ಕೂ ಸೇರದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಪ್ರಧಾನಿಯಾದರಲ್ಲ, ಆಗ ನಮ್ಮ ಹಾಸ್ಟೆಲ್‌ಗಳಲ್ಲಿ ಎರಡು ದಿನ ಅದೇ ಮಾತು. ಯಾರಾಗಬೇಕು ಅನ್ನೋ ಚರ್ಚೆ ಡಿಸ್ಕಾರ್ಡ್‌ನಲ್ಲಿ ನಡೀತು ಅನ್ನೋ ಸುದ್ದಿಯಂತೂ ನಮ್ಮವರಿಗೆ ಭಾರಿ ಖುಷಿ ಕೊಟ್ಟಿತ್ತು. ಅದಕ್ಕೆ ಒಂದು ವರ್ಷ ಮೊದಲು, 2024ರ ಆಗಸ್ಟ್‌ನಲ್ಲಿ, ಬಾಂಗ್ಲಾದೇಶದ ಮಧ್ಯಂತರ ಸರ್ಕಾರ ಅರ್ಥಶಾಸ್ತ್ರದ ಮೇಷ್ಟ್ರು ಮಹಮ್ಮದ್ ಯೂನುಸ್ ಕೈಗೆ ಹೋಗಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ನಡುವೆ ಯಾರಾದರೊಬ್ಬರು ಹೇಳೇ ಹೇಳ್ತಾರೆ: "ಈ ರಾಜಕಾರಣಿಗಳನ್ನೆಲ್ಲ ಮನೆಗೆ ಕಳ್ಸಿ, ಐದು ವರ್ಷ ಒಬ್ಬ ಒಳ್ಳೆ ಇಂಜಿನಿಯರ್ ಕೈಗೆ ಕೊಟ್ಟು ನೋಡ್ರಿ."

ಕೊಟ್ಟು ನೋಡಿದ್ದಾಗಿದೆ. ಐದಲ್ಲ, ಆರು ವರ್ಷ. 1912ರ ನವೆಂಬರ್‌ನಿಂದ 1918ರ ಡಿಸೆಂಬರ್‌ವರೆಗೆ ನಮ್ಮ ದಾವಣಗೆರೆ, ಹರಿಹರ ಸೇರಿದಂತೆ ಇಡೀ ಮೈಸೂರು ಸಂಸ್ಥಾನದ ಆಡಳಿತ ನಡೆಸಿದ್ದು ಒಬ್ಬ ಸಿವಿಲ್ ಇಂಜಿನಿಯರ್. ಪ್ರತಿವರ್ಷ ಸೆಪ್ಟೆಂಬರ್ 15ರಂದು ಅವರ ಫೋಟೊಗೆ ಹಾರ ಹಾಕ್ತೀವಿ, ಕ್ವಿಜ್ ಮಾಡ್ತೀವಿ, ಕಟ್ಟಿದ ಅಣೆಕಟ್ಟುಗಳ ಹೆಸರು ಬಾಯಿಪಾಠ ಒಪ್ಪಿಸ್ತೀವಿ. ಆದರೆ ಸರ್ ಎಂ. ವಿಶ್ವೇಶ್ವರಯ್ಯನವರ ಸರ್ಕಾರ ಯಾಕೆ ಮುಗೀತು ಅನ್ನೋದು ಆ ದಿನದ ಭಾಷಣಗಳಲ್ಲಿ ಬರೋದು ಕಮ್ಮಿ. ಈ ಬರಹದಲ್ಲಿ ನಮಗೆ ಮುಖ್ಯ ಅನ್ನಿಸಿರೋದು ಅದೇ. (ಎರಡು ಮೇಣದಬತ್ತಿಯ ಕಥೆ ಎಲ್ಲರಿಗೂ ಗೊತ್ತು, ಅದನ್ನಿಲ್ಲಿ ಹೇಳಲ್ಲ.)

ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ಒಂದು ಸರ್ಕಾರ ಹೋಗಿ ಇನ್ನೊಂದು ಬರುವವರೆಗೆ ನಡುವೆ ನಿಂತು ಕೆಲಸ ನೋಡಿಕೊಳ್ಳುವ ಸರ್ಕಾರಕ್ಕೆ ನಮ್ಮ ಪತ್ರಿಕೆಗಳು 'ಹಂಗಾಮಿ ಸರ್ಕಾರ' ಅಂತ ಬರೀತಾವೆ. ಹಂಗಾಮು ಅಂದರೆ ನಮ್ಮ ಕಡೆ ರೈತರಿಗೆ ಬೆಳೆಯ ಕಾಲ: ಮುಂಗಾರು ಹಂಗಾಮು, ಬೇಸಿಗೆ ಹಂಗಾಮು. ಹಂಗಾಮಿ ಸರ್ಕಾರ ಅಂದರೂ ಹಾಗೇ, ಒಂದು ಹಂಗಾಮಿನದು. ದಿನದ ಕಡತ ನೋಡಬೇಕು, ಸಂಬಳ ಕೊಡಬೇಕು, ಚುನಾವಣೆ ನಡೆಸಿ ಜಾಗ ಬಿಡಬೇಕು. ದೊಡ್ಡ ನೀತಿ ಬದಲಾಯಿಸೋ ಹಾಗಿಲ್ಲ.

ಭಾರತದ ಸಂವಿಧಾನದಲ್ಲಿ ಹುಡುಕಿದರೆ ಈ ಪದ ಸಿಗಲ್ಲ. 1971ರಲ್ಲಿ ಇಂದಿರಾ ಗಾಂಧಿ ಲೋಕಸಭೆ ವಿಸರ್ಜನೆಯಾದ ಮೇಲೂ ಪ್ರಧಾನಿಯಾಗಿ ಮುಂದುವರಿದದ್ದನ್ನು ಒಬ್ಬರು ಪ್ರಶ್ನಿಸಿದಾಗ, ರಾಷ್ಟ್ರಪತಿಗೆ ಸಲಹೆ ಕೊಡಲು ಮಂತ್ರಿಮಂಡಲ ಇದ್ದೇ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಕೇಂದ್ರದಲ್ಲಿ ಹಳೆಯ ಪ್ರಧಾನಿಯೇ ಹಂಗಾಮಿಯಾಗಿ ಉಳೀತಾರೆ. ಹೊರಗಿನಿಂದ ಒಬ್ಬ ತಜ್ಞನನ್ನು ಕರೆದು ಕೂರಿಸೋದಕ್ಕೆ ಒಂದು ಸಣ್ಣ ಕಿಂಡಿ ಮಾತ್ರ ಇದೆ. ಶಾಸಕನಲ್ಲದವನೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಸದನದ ಸದಸ್ಯನಾಗಬೇಕು. 1991ರಲ್ಲಿ ಅರ್ಥಶಾಸ್ತ್ರಜ್ಞ ಮನಮೋಹನ್ ಸಿಂಗ್ ಹಣಕಾಸು ಮಂತ್ರಿಯಾಗಿ ಬಂದದ್ದು ಈ ಕಿಂಡಿಯಿಂದಲೇ. ಬಂದವರು ಕಾಂಗ್ರೆಸ್ಸಿನವರಾದರು, ರಾಜ್ಯಸಭೆಗೆ ಹೋದರು.

ರಾಜ್ಯಗಳಲ್ಲಿ ಇನ್ನೊಂದು ದಾರಿ ಇದೆ, 356ನೇ ವಿಧಿ. ರಾಷ್ಟ್ರಪತಿ ಆಳ್ವಿಕೆ ಅಂತ ಹೆಸರಿದ್ದರೂ ರಾಜ್ಯಪಾಲರು ಮತ್ತು ಅಧಿಕಾರಿಗಳು ಸೇರಿ ರಾಜ್ಯ ನಡೆಸ್ತಾರೆ. 1971ರ ಮಾರ್ಚ್‌ನಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಬಿದ್ದ ಮೇಲೆ ನಮ್ಮ ರಾಜ್ಯ ಸುಮಾರು ಒಂದು ವರ್ಷ ಹೀಗೆ ನಡೆಯಿತು. ಆ ಅವಧಿಯ ಹೆಚ್ಚು ಕಾಲ ರಾಜ್ಯಪಾಲರಾಗಿದ್ದ ಧರ್ಮವೀರ ಹಳೆಯ ಐಸಿಎಸ್ ಅಧಿಕಾರಿ, ಕೇಂದ್ರದ ಸಂಪುಟ ಕಾರ್ಯದರ್ಶಿಯಾಗಿದ್ದವರು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದಾಗಲೂ ಅಷ್ಟೇ. ಅದರ ವಿರುದ್ಧ ಬೊಮ್ಮಾಯಿ ಹೂಡಿದ ಮೊಕದ್ದಮೆಯಲ್ಲಿ 1994ರಲ್ಲಿ ತೀರ್ಪು ಬಂತು: ಬಹುಮತ ಇದೆಯೋ ಇಲ್ಲವೋ ಅನ್ನೋದನ್ನು ಸದನದಲ್ಲಿ ಎಣಿಸಿ ನೋಡಬೇಕು, ರಾಜಭವನದಲ್ಲಿ ಕೂತು ತೀರ್ಮಾನಿಸೋದಲ್ಲ.

ಇದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮ ತಾಲ್ಲೂಕಿಗೇ ಬನ್ನಿ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗೀತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೀಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿಕೊಂಡು ಬಂದರು. ದಾವಣಗೆರೆ ನಗರದಲ್ಲಿ ಇನ್ನೊಂದು ನಮೂನೆ ನೋಡಿದ್ದೇವೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲೇ ನಮ್ಮ ಊರಿತ್ತು. ಆ ಯೋಜನೆಯ ದುಡ್ಡು ಖರ್ಚು ಮಾಡೋದಕ್ಕೆ ಪಾಲಿಕೆಯ ಜೊತೆಗೆ ಬೇರೆಯೇ ಒಂದು ಕಂಪನಿ, ಅದಕ್ಕೊಬ್ಬ ವ್ಯವಸ್ಥಾಪಕ ನಿರ್ದೇಶಕರು, ಒಂದು ಬೋರ್ಡು. ರಸ್ತೆ ಅಗೆದು ತಿಂಗಳಾದರೂ ಮುಚ್ಚಿಲ್ಲ ಅಂತ ಜಗಳ ಆಡೋಕೆ ಜನ ಹೋಗ್ತಿದ್ದದ್ದು ಮಾತ್ರ ವಾರ್ಡಿನ ಕಾರ್ಪೊರೇಟರ್ ಮನೆಗೆ, ಯಾಕಂದ್ರೆ ಬೋರ್ಡಿನವರ ಮನೆ ಯಾರಿಗೂ ಗೊತ್ತಿಲ್ಲ. ಅಂದರೆ ಪಕ್ಷವಿಲ್ಲದ, ಓಟು ಕೇಳದ ಆಡಳಿತ ನಮಗೆ ಹೊಸದೇನಲ್ಲ. ಅದಕ್ಕೊಂದು ದೊಡ್ಡ ಹೆಸರಿಲ್ಲದ್ದರಿಂದ ಗಮನಕ್ಕೆ ಬಂದಿಲ್ಲ, ಅಷ್ಟೆ.

ಈಗ ಹರಿಹರದ ಹೊಳೆ ದಂಡೆಗೆ ಹೋಗೋಣ. ತುಂಗಭದ್ರೆಯ ಮೇಲಿನ ಹಳೆಯ ರಸ್ತೆ ಸೇತುವೆ 1868ರದು. ಆ ಕಾಲದಲ್ಲಿ ಈಚೆ ದಂಡೆ ಮೈಸೂರು ಸಂಸ್ಥಾನ, ಆಚೆ ದಂಡೆ ಬ್ರಿಟಿಷರ ಬಾಂಬೆ ಪ್ರಾಂತ್ಯ. ವಿಶ್ವೇಶ್ವರಯ್ಯನವರ ಬದುಕು ಈ ಎರಡು ದಂಡೆಗೂ ಹಂಚಿಹೋಗಿತ್ತು. ಹುಟ್ಟಿದ್ದು ಈಚೆ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ. ಚಿಕ್ಕವರಿದ್ದಾಗಲೇ ತಂದೆ ತೀರಿಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದರು. ಪುಣೆಯ ಸೈನ್ಸ್ ಕಾಲೇಜಿಗೆ ಇಂಜಿನಿಯರಿಂಗ್ ಓದೋಕೆ ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. ಈ ವಿದ್ಯಾರ್ಥಿವೇತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು. ಖಡಕ್‌ವಾಸ್ಲಾದಲ್ಲಿ ನೀರು ಏರಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚುವ ಗೇಟುಗಳನ್ನು ಕೂರಿಸಿದ ಕಥೆ ಹೈಡ್ರಾಲಿಕ್ಸ್ ಕ್ಲಾಸಿನಲ್ಲಿ ಕೇಳಿರ್ತೀರಿ.

1908ರಲ್ಲಿ ಆ ಕೆಲಸ ಬಿಟ್ಟರು. ಕೆಲಸದಲ್ಲಿ ಅವರನ್ನು ಮೀರಿಸೋರು ಇರಲಿಲ್ಲ, ಆದರೂ ಬಾಂಬೆ ಪ್ರಾಂತ್ಯದ ಚೀಫ್ ಇಂಜಿನಿಯರ್ ಕುರ್ಚಿ ಒಬ್ಬ ಭಾರತೀಯನಿಗೆ ದಕ್ಕುವ ಕಾಲ ಅದಾಗಿರಲಿಲ್ಲ. ಇದನ್ನೂ ನೆನಪಿಡಿ. ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಅಲ್ಲಿಂದ 1909ರ ಕೊನೆಯಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು.

ಅವರು ರಾಜಕೀಯಕ್ಕೆ ಬಂದದ್ದು ದಿವಾನರಾದ ಮೇಲೆ ಅಂತ ಎಲ್ಲರೂ ಅಂದುಕೊಳ್ತಾರೆ. ನಮಗೆ ಹಾಗನ್ನಿಸಲ್ಲ. ಕನ್ನಂಬಾಡಿ ಕಟ್ಟೆಯ ಪಾಯ ತೆಗೆದ ದಿನವೇ ಅದು ಆಗಿಹೋಗಿತ್ತು. ಹೇಗೆ ಅಂದರೆ, ಕಾವೇರಿಗೆ ಅಡ್ಡ ಕಟ್ಟೋಕೆ ಕೆಳಗಿನ ಮದ್ರಾಸ್ ಪ್ರಾಂತ್ಯದ ಒಪ್ಪಿಗೆ ಬೇಕಿತ್ತು. ಮೈಸೂರು ಕೇಳಿದ್ದು 41.5 ಟಿಎಂಸಿ ಸಂಗ್ರಹ. ಮದ್ರಾಸ್ ಒಪ್ಪಿದ್ದು 11 ಟಿಎಂಸಿಗೆ. 1911ರಲ್ಲಿ ಕೆಲಸ ಶುರುವಾದಾಗ ಮೈಸೂರು ಪಾಯ ಹಾಕಿದ್ದು 41.5ರ ಲೆಕ್ಕಕ್ಕೆ! ಸಿವಿಲ್‌ನವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತೆ. ಉಳಿದವರಿಗಾಗಿ: ಕಲ್ಲುಕಟ್ಟಡದ ಗ್ರಾವಿಟಿ ಡ್ಯಾಮ್ ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲಬೇಕು. ನೀರಿನ ಒಟ್ಟು ತಳ್ಳು ಎತ್ತರದ ವರ್ಗದಷ್ಟು ಏರುತ್ತೆ. ಹಾಗಾಗಿ ಎತ್ತರ ಹೆಚ್ಚಿದ ಹಾಗೆ ಬುಡದ ಅಗಲವೂ ಹೆಚ್ಚಬೇಕು. ಮೇಲೆ ನಾಲ್ಕು ವರಸೆ ಕಲ್ಲು ಯಾವಾಗ ಬೇಕಾದರೂ ಏರಿಸಬಹುದು, ಬುಡವನ್ನು ಆಮೇಲೆ ಅಗಲ ಮಾಡೋದು ಬಲು ಕಷ್ಟ. ಆದ್ದರಿಂದ ಅಗಲವಾದ ಪಾಯ ಅಂದರೆ, ಇವತ್ತು ನೀವು ಬೇಡ ಅಂದರೂ ನಾಳೆ ನಾವು ಏರಿಸ್ತೀವಿ ಅಂತ ಕಲ್ಲು ಗಾರೆಯಲ್ಲಿ ಬರೆದು ತೋರಿಸಿದ ಹಾಗೆ. ಮದ್ರಾಸಿಗೂ ಅದು ಅರ್ಥವಾಯಿತು. ಜಗಳ 1913ರಲ್ಲಿ ಮಧ್ಯಸ್ಥಿಕೆಗೆ ಹೋಯಿತು, 1914ರ ಗ್ರಿಫಿನ್ ತೀರ್ಪು ಬಹುಮಟ್ಟಿಗೆ ಮೈಸೂರಿನ ಕಡೆಗೇ ಬಂತು, ಮದ್ರಾಸ್ ಮೇಲ್ಮನವಿ ಹಾಕಿತು, ಕೊನೆಗೆ 1924ರಲ್ಲಿ ಒಪ್ಪಂದ ಆಯಿತು. ಆ ಒಪ್ಪಂದದ ಎಳೆ ಹಿಡಿದುಕೊಂಡು ಎರಡು ರಾಜ್ಯಗಳು ಇವತ್ತಿಗೂ ಕೋರ್ಟು ಹತ್ತುತ್ತಿವೆ. ಒಂದು ಡ್ರಾಯಿಂಗ್ ಶೀಟಿನ ಮೇಲಿನ ಅಳತೆಯಲ್ಲಿ ಎಷ್ಟು ರಾಜಕೀಯ ಇರಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಗೊತ್ತಿಲ್ಲ.

ಅಂಥವರನ್ನು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಾನರನ್ನಾಗಿ ಮಾಡಿದರು. ದಿವಾನಗಿರಿಯನ್ನು ಹಂಗಾಮಿ ಸರ್ಕಾರ ಅನ್ನಬಹುದಾ? ಕಡ್ಡಾಯವಾಗಿ ಹೇಳಿದರೆ ಇಲ್ಲ. ಮುಂದೆ ಚುನಾವಣೆ ನಡೆಸಿ ಜಾಗ ಬಿಡುವ ಕರಾರು ಅದರಲ್ಲಿರಲಿಲ್ಲ. ಆದರೆ ಹೋಲಿಕೆ ಸಣ್ಣದಲ್ಲ. ಯಜಮಾನರ ಪರವಾಗಿ ಮನೆ ನೋಡಿಕೊಳ್ಳುವ ಕೆಲಸವದು. ಮೈಸೂರಿನಲ್ಲಿ ಅದಕ್ಕೆ ಹಳೆಯ ಮೇಲ್ಪಂಕ್ತಿಯೂ ಇತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದಾಗ, ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾಜ್ಯ ನಡೆಸಿದ್ದು ದಿವಾನ್ ಪೂರ್ಣಯ್ಯ. ಆತ ಹೈದರನ ಬಳಿ ಲೆಕ್ಕ ಬರೆದವರು, ಟಿಪ್ಪುವಿನ ಬಳಿಯೂ ಹಣಕಾಸು ನೋಡಿದವರು. ಆಳುವ ಮನೆ ಬದಲಾದರೂ ಲೆಕ್ಕದವರು ಬದಲಾಗಲಿಲ್ಲ. ಹಂಗಾಮಿ ತಜ್ಞ ಅನ್ನೋ ಮಾತಿಗೆ ನಮ್ಮ ನೆಲದಲ್ಲಿ ಅವರಿಗಿಂತ ಹತ್ತಿರದವರು ಯಾರೂ ಇಲ್ಲ. ಮುಂದೆ ನಾಲ್ವಡಿಯವರು ಬಾಲಕರಾಗಿದ್ದಾಗ, 1894ರಿಂದ 1902ರವರೆಗೆ, ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿದ್ದರು. ಆ ಕಾಲದಲ್ಲೂ ದಿನದ ಆಡಳಿತ ದಿವಾನರದೇ.

ವಿಶ್ವೇಶ್ವರಯ್ಯ ಯಾವ ಪಕ್ಷಕ್ಕೂ ಸೇರಿದವರಲ್ಲ. ಅವರು ಬಂದಾಗ ಸಂಸ್ಥಾನದಲ್ಲಿ ಪಕ್ಷ ಅನ್ನೋದೇ ಇರಲಿಲ್ಲ. 1881ರಿಂದ ದಸರಾ ಹೊತ್ತಿಗೆ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆ ಇತ್ತು. ಅಲ್ಲಿ ಸದಸ್ಯರು ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸೋ ಹಾಗಿರಲಿಲ್ಲ. ಇಳಿಸೋ ಅಧಿಕಾರ ಇದ್ದದ್ದು ಒಬ್ಬರಿಗೇ, ಮಹಾರಾಜರಿಗೆ. ಅಂದರೆ ಸುಮಾರು 58 ಲಕ್ಷ ಜನರ ಸಂಸ್ಥಾನದಲ್ಲಿ ದಿವಾನರಿಗೆ ಬೇಕಿದ್ದ ಬಹುಮತ ಒಂದು ಓಟು!

ಆ ಒಂದು ಓಟು ಇದ್ದಷ್ಟು ದಿನ ಏನೇನಾಯಿತು ಅನ್ನೋ ಪಟ್ಟಿ ಕ್ವಿಜ್ ಮಾಡುವವರಿಗೆ ಗೊತ್ತೇ ಇದೆ, ಓಡಿಸಿಕೊಂಡು ಹೇಳ್ತೀವಿ. 1913ರಲ್ಲಿ ಮೈಸೂರು ಬ್ಯಾಂಕ್ ಮತ್ತು ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ವಾಣಿಜ್ಯ ಮಂಡಳಿ. 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಗಂಧದೆಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ. ಇದರಲ್ಲಿ ನಮ್ಮ ಗಮನ ಸೆಳೆಯೋದು ಎಷ್ಟು ಸಂಸ್ಥೆ ಅನ್ನೋದಕ್ಕಿಂತ ಎಂಥ ಸಂಸ್ಥೆ ಅನ್ನೋದು. ಬ್ಯಾಂಕ್, ವಿಶ್ವವಿದ್ಯಾನಿಲಯ, ಪರಿಷತ್ತು, ಇವೆಲ್ಲ ದಿವಾನರು ಬದಲಾದರೂ ತಮ್ಮ ಪಾಡಿಗೆ ನಡೆಯುವಂಥವು. ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿನಲ್ಲಿ ಕರಗಿದ್ದು 2017ರಲ್ಲಿ, ಹುಟ್ಟಿ ನೂರು ವರ್ಷ ದಾಟಿದ ಮೇಲೆ. ತನ್ನ ಕುರ್ಚಿ ಖಾಯಂ ಅಲ್ಲ ಅಂತ ಗೊತ್ತಿರುವವನು ಹೀಗೆ ಕಟ್ಟುತ್ತಾನೆ. ಐದು ವರ್ಷಕ್ಕೊಮ್ಮೆ ಓಟು ಕೇಳಬೇಕಾದವರಿಗೆ ಈ ಸಹನೆ ಕಷ್ಟ ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಹಾಸ್ಟೆಲ್ಲಿನ ಆ ಮಾತಿನಲ್ಲಿ ನಿಜ ಇರೋದು ಇಷ್ಟು.

ಕಾಲೇಜು, ವಿಶ್ವವಿದ್ಯಾನಿಲಯ ಕಟ್ಟಿದರೆ ಅಲ್ಲಿ ಓದಿದವರು ಒಂದು ದಿನ ಬಾಗಿಲಿಗೆ ಬಂದು ಕೆಲಸ ಕೇಳ್ತಾರೆ. ಓದಿಸೋಕೆ ಸಮುದಾಯಗಳೂ ಎದ್ದು ನಿಂತಿದ್ದವು: 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ. ಸಂಸ್ಥಾನದಲ್ಲಿ ದೊಡ್ಡ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ 1890ರ ದಶಕದ ಆರಂಭದಿಂದಲೇ ಇತ್ತು. ಪರೀಕ್ಷೆ ಎಲ್ಲರಿಗೂ ಒಂದೇ. ಫಲಿತಾಂಶ ಮಾತ್ರ ವರ್ಷವರ್ಷವೂ ಒಂದೇ ಕಡೆ. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರೂ ಇಲ್ಲದ ಬ್ರಾಹ್ಮಣ ಸಮುದಾಯದ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಅರ್ಧಕ್ಕಿಂತ ಹೆಚ್ಚು ಪಾಲು. 1917ರಲ್ಲಿ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಂತಾದ ಸಮುದಾಯಗಳ ಮುಖಂಡರು ಸೇರಿ ಪ್ರಜಾಮಿತ್ರ ಮಂಡಲಿ ಕಟ್ಟಿದರು. ಮೈಸೂರಿನ ಮೊದಲ ರಾಜಕೀಯ ಪಕ್ಷ ಅಂತ ಅದನ್ನೇ ಕರೀತಾರೆ. 1918ರಲ್ಲಿ ಅವರ ನಿಯೋಗ ಹೋಗಿ ಅಹವಾಲು ಕೊಟ್ಟದ್ದು ನೇರವಾಗಿ ಮಹಾರಾಜರಿಗೆ. ಆ ಒಂದು ಓಟು ಯಾರದು ಅಂತ ಅವರಿಗೂ ಗೊತ್ತಿತ್ತಲ್ಲ.

ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಎಲ್ಲರಿಗೂ ಶಿಕ್ಷಣ ಕೊಡೋಣ, ಕಾಲಕ್ರಮದಲ್ಲಿ ಎಲ್ಲರೂ ಮೇಲೆ ಬರ್ತಾರೆ. ನೇಮಕಾತಿಯಲ್ಲಿ ಅರ್ಹತೆ ಬಿಟ್ಟರೆ ಆಡಳಿತದ ದಕ್ಷತೆ ಕೆಡುತ್ತೆ, ಉತ್ಪಾದನೆ ಕುಂಠಿತವಾಗುತ್ತೆ ಅನ್ನೋದು ಅವರ ವಾದ. ಮಹಾರಾಜರು ಮನಸ್ಸು ಬದಲಿಸಲಿಲ್ಲ. 1918ರ ಡಿಸೆಂಬರ್‌ನಲ್ಲಿ ವಿಶ್ವೇಶ್ವರಯ್ಯ ದಿವಾನ ಪದವಿಯಿಂದ ಹೊರಬಂದರು. ಆ ಜಾಗಕ್ಕೆ ಕಾಂತರಾಜ ಅರಸರು ಬಂದರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು. 1921ರಲ್ಲಿ ಆದೇಶವೂ ಆಯಿತು.

ದಿವಾನರ ವಾದದಲ್ಲಿ ಪ್ರಾಮಾಣಿಕತೆ ಇತ್ತು. ಅವರು ತಮ್ಮವರಿಗೆ ಕೆಲಸ ಕೊಡಿಸೋಕೆ ಕುರ್ಚಿ ಹಿಡಿದು ಕೂತವರಲ್ಲ. ಒಪ್ಪದ ಕೆಲಸ ಮಾಡೋದಿಲ್ಲ ಅಂತ ಕುರ್ಚಿಯನ್ನೇ ಬಿಟ್ಟರು. ಹೀಗೆ ಬಿಡುವವರು ಇವತ್ತು ಎಷ್ಟು ಜನ ಸಿಗ್ತಾರೆ? ಆದರೆ ವಾದ ಸರಿಯಿತ್ತಾ ಅನ್ನೋದು ಬೇರೆ ಪ್ರಶ್ನೆ. ಅವರ ಅರ್ಹತೆಯ ಹಿಂದೆ ಒಂದು ಸರ್ಕಾರಿ ವಿದ್ಯಾರ್ಥಿವೇತನ ಇತ್ತು. ಅರ್ಹತೆ ಇದ್ದೂ ಕುರ್ಚಿ ಸಿಗದ ಅನುಭವವನ್ನು ಬಾಂಬೆ ಪ್ರಾಂತ್ಯದಲ್ಲಿ ಅವರೇ ಉಂಡಿದ್ದರು. ಅಲ್ಲಿ ಬಿಳಿಯರು ಹೇಳ್ತಿದ್ದದ್ದೂ ದಕ್ಷತೆಯ ಮಾತನ್ನೇ. ಒಂದು ಯಂತ್ರದ ದಕ್ಷತೆ ಲೆಕ್ಕ ಹಾಕುವಾಗ ನಾವು ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎರಡನ್ನೂ ನೋಡ್ತೀವಿ. ಪರೀಕ್ಷೆಯ ಅಂಕ ಹೊರಗೆ ಬಂದದ್ದನ್ನು ಮಾತ್ರ ತೋರಿಸುತ್ತೆ. ಅಪ್ಪ ಓದಿದವನಾ, ಊರಲ್ಲಿ ಶಾಲೆ ಇತ್ತಾ, ಸೀಮೆಎಣ್ಣೆ ದೀಪಕ್ಕೆ ದುಡ್ಡಿತ್ತಾ, ಅದ್ಯಾವುದೂ ಅಂಕಪಟ್ಟಿಯಲ್ಲಿ ಬರಲ್ಲ.

ಮುಖ್ಯವಾಗಿ, ಯಾರಿಗೆ ಎಷ್ಟು ಪಾಲು ಅನ್ನೋ ಪ್ರಶ್ನೆಗೆ ಡಿಸೈನ್ ಪುಸ್ತಕದಲ್ಲಿ ಉತ್ತರ ಇಲ್ಲ. ಅದನ್ನು ಜನ ಜಗಳ ಆಡಿ, ಎಣಿಸಿ, ಒಪ್ಪಂದ ಮಾಡಿಕೊಂಡೇ ತೀರಿಸಬೇಕು. ಓಟು ಕೇಳಿ ಬಂದ ಮಂತ್ರಿಯಾಗಿದ್ದರೆ ಪ್ರಜಾಮಿತ್ರ ಮಂಡಲಿಯವರನ್ನು ಕರೆಸಿ ಕೂರಿಸಿ, ಅರ್ಧಕ್ಕೆ ಬದಲು ಮೂರನೇ ಒಂದು, ಏಳು ವರ್ಷಕ್ಕೆ ಬದಲು ಹತ್ತು ಅಂತ ಚೌಕಾಸಿ ಮಾಡ್ತಿದ್ದ. ಪಕ್ಷವಿಲ್ಲದ ದಿವಾನರಿಗೆ ಆ ಚೌಕಾಸಿಗೆ ಹೋಗೋಕೆ ಹಿಂದೆ ಜನ ಇರಲಿಲ್ಲ. ಅವರ ಮುಂದಿದ್ದದ್ದು ಒಪ್ಪು ಇಲ್ಲ ಬಿಡು, ಎರಡೇ.

ಬೇರೆ ದೇಶಗಳಲ್ಲೂ ಇದೇ ಬಿಗಿ ಕಾಣುತ್ತೆ. ವಿಶ್ವಬ್ಯಾಂಕಿನ ಉನ್ನತ ಹುದ್ದೆಯಲ್ಲಿದ್ದ ಮೊಯಿನ್ ಖುರೇಷಿ 1993ರಲ್ಲಿ ಮೂರು ತಿಂಗಳು ಪಾಕಿಸ್ತಾನದ ಹಂಗಾಮಿ ಪ್ರಧಾನಿಯಾಗಿ, ಬ್ಯಾಂಕ್ ಸಾಲ ಕಟ್ಟದ ದೊಡ್ಡವರ ಪಟ್ಟಿಯನ್ನು ಪ್ರಕಟಿಸಿಬಿಟ್ಟರು. ಮತ್ತೆ ಚುನಾವಣೆಗೆ ನಿಲ್ಲಬೇಕಾದ ಯಾರಿಗೂ ಆ ಧೈರ್ಯ ಬರ್ತಿರಲಿಲ್ಲ. ಇಟಲಿಯಲ್ಲಿ ಅರ್ಥಶಾಸ್ತ್ರಜ್ಞ ಮಾರಿಯೋ ಮೊಂಟಿ 2011ರ ನವೆಂಬರ್‌ನಲ್ಲಿ ಪಕ್ಷೇತರ ತಜ್ಞರ ಮಂತ್ರಿಮಂಡಲ ಕಟ್ಟಿ ಪಿಂಚಣಿಗೆ ಕತ್ತರಿ ಹಾಕಿದರು. 2013ರಲ್ಲಿ ತಾವೇ ಓಟು ಕೇಳೋಕೆ ಹೋದಾಗ ಅವರ ಕೂಟಕ್ಕೆ ಸಿಕ್ಕಿದ್ದು ನೂರಕ್ಕೆ ಹತ್ತರ ಆಸುಪಾಸು.

ಬಾಂಗ್ಲಾದೇಶದ ಕಥೆ ಇನ್ನೂ ಪಾಠವಿರುವಂಥದ್ದು. ಅಲ್ಲಿ 1996ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಚುನಾವಣೆ ನಡೆಸೋಕೆ 90 ದಿನದ ಪಕ್ಷೇತರ ಉಸ್ತುವಾರಿ ಸರ್ಕಾರದ ಏರ್ಪಾಡು ಮಾಡಿಕೊಂಡರು. 2007ರ ಜನವರಿಯಲ್ಲಿ ಕೇಂದ್ರ ಬ್ಯಾಂಕಿನ ಮಾಜಿ ಗವರ್ನರ್ ಫಕ್ರುದ್ದೀನ್ ಅಹ್ಮದ್, ಸೇನೆಯ ಬೆಂಬಲದಿಂದ, ಆ ಕುರ್ಚಿಗೆ ಬಂದರು. ಅವರ ಕಾಲದಲ್ಲಿ ಸುಮಾರು 8 ಕೋಟಿ ಮತದಾರರ ಫೋಟೊ ಸಹಿತ ಪಟ್ಟಿ ತಯಾರಾಯಿತು. ಲ್ಯಾಪ್‌ಟಾಪು, ವೆಬ್‌ಕ್ಯಾಮು, ಬೆರಳಚ್ಚು ಹಿಡಿದು ಊರೂರು ತಿರುಗಿದ ಕೆಲಸ, ನಿಜವಾದ ಇಂಜಿನಿಯರಿಂಗ್. ಅದೇ ಸರ್ಕಾರ ಎರಡು ದೊಡ್ಡ ಪಕ್ಷಗಳ ನಾಯಕಿಯರನ್ನೂ ಜೈಲಿಗೆ ಹಾಕಿ ರಾಜಕೀಯವನ್ನೇ ತೊಳೆದು ಶುದ್ಧ ಮಾಡ್ತೀವಿ ಅಂತ ಹೊರಟಿತು. 90 ದಿನ ಎರಡು ವರ್ಷವಾಯಿತು. 2008ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಾಗ ಅದೇ ಇಬ್ಬರು ನಾಯಕಿಯರು ಎದುರುಬದುರು, ಗೆದ್ದದ್ದು ಅವರಲ್ಲೊಬ್ಬರು. ಮತದಾರರ ಪಟ್ಟಿ ಉಳೀತು, ಶುದ್ಧೀಕರಣ ಉಳೀಲಿಲ್ಲ. 2011ರಲ್ಲಿ ಆ ಏರ್ಪಾಡನ್ನೇ ಸಂವಿಧಾನದಿಂದ ತೆಗೆದುಹಾಕಿದರು.

ಮಿಲ್ಲರ್ ಸಮಿತಿಯ ಪ್ರಶ್ನೆ ದಿವಾನರ ಜೊತೆ ಹೋಗಲಿಲ್ಲ. ಅದು ನಮ್ಮ ಕಾಲೇಜಿನ ಗೇಟಿಗೇ ಬಂತು. 1962ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳ ಸೀಟುಗಳಲ್ಲಿ ಶೇ. 68ನ್ನು ಮೀಸಲಿಟ್ಟಿತು. ಬಾಲಾಜಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ಮೀಸಲಾತಿ ಸಾಮಾನ್ಯವಾಗಿ ಶೇ. 50ರ ಒಳಗಿರಬೇಕು ಅಂದಿತು. ಇಡೀ ದೇಶ ಇವತ್ತಿಗೂ ಚರ್ಚೆ ಮಾಡುತ್ತಿರುವ ಆ 50ರ ಗೆರೆ ಮೊದಲು ಎಳೆದದ್ದು ನಮ್ಮದೇ ರಾಜ್ಯದ ಇಂಜಿನಿಯರಿಂಗ್ ಸೀಟುಗಳ ಮೇಲೆ. ಆಮೇಲೆ 1972ರಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಆಯೋಗ ನೇಮಿಸಿತು. ಅದರ ಅಧ್ಯಕ್ಷ ಎಲ್.ಜಿ. ಹಾವನೂರರು ಹರಿಹರದ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರು ಸೀಮೆಯವರು. 1975ರಲ್ಲಿ ವರದಿ ಬಂತು. ಸಿಇಟಿ ಕೌನ್ಸೆಲಿಂಗ್ ಪಟ್ಟಿಯಲ್ಲಿ ನಮ್ಮ ಹೆಸರಿನ ಪಕ್ಕ ಇರುವ 2ಎ, 3ಬಿ, ಜಿಎಂ ಅನ್ನೋ ಅಕ್ಷರಗಳಿಗೆ ಇಷ್ಟು ಉದ್ದದ ಹಿನ್ನೆಲೆ ಇದೆ. ಕ್ಲಾಸಿನಲ್ಲಿ ಅಕ್ಕಪಕ್ಕ ಕೂತು ಒಂದೇ ಲ್ಯಾಬ್ ರೆಕಾರ್ಡ್ ಕಾಪಿ ಮಾಡುವ ನಾವು, ಈ ಅಕ್ಷರಗಳ ವಿಷಯ ಬಂದಾಗ ಮಾತ್ರ ದನಿ ತಗ್ಗಿಸ್ತೀವಿ, ಇಲ್ಲವೇ ಜಗಳಕ್ಕೆ ಇಳೀತೀವಿ. 1918ರಲ್ಲಿ ಮಹಾರಾಜರಿಗೂ ದಿವಾನರಿಗೂ ಮುಗಿಯದ ಮಾತು ಅದು.

ಇನ್ನೊಂದು ಸಣ್ಣ ವಿಷಯ. ಇಂಜಿನಿಯರ್ ದಿವಾನರು ಹಾಕಿಕೊಟ್ಟ ಕೈಗಾರಿಕೆಯ ದಾರಿಯಲ್ಲೇ ಮುಂದೆ 1941ರಲ್ಲಿ ಹರಿಹರಕ್ಕೆ ಮೈಸೂರ್ ಕಿರ್ಲೋಸ್ಕರ್ ಬಂತು. ಅದು ಮುಚ್ಚಿ ಎರಡು ದಶಕ ದಾಟಿದೆ, ಅದರ ಲೇತುಗಳು ಮಾತ್ರ ರಾಜ್ಯದ ಎಷ್ಟೋ ಕಾಲೇಜು ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ದಾವಣಗೆರೆಯ ಬಿಡಿಟಿ ಕಾಲೇಜು 1951ರಲ್ಲಿ ಶುರುವಾದದ್ದು ಊರಿನ ವರ್ತಕ ಮನೆತನವೊಂದರ ದಾನದಿಂದ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ರಾಜಕಾರಣಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ತಜ್ಞ, ವರ್ತಕ, ರಾಜಕಾರಣಿ, ಮೂವರ ಕೈಯೂ ಇದೆ ಈ ಊರಿನಲ್ಲಿ.

ವಿಶ್ವೇಶ್ವರಯ್ಯ ರಾಜೀನಾಮೆ ಕೊಟ್ಟು ಸುಮ್ಮನೆ ಕೂರಲಿಲ್ಲ. ಅವರ ಕಾಲದಲ್ಲಿ ಮಂಜೂರಾದ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸೋಕೆ ಶುರುಮಾಡಿದ್ದು 1923ರ ಜನವರಿಯಲ್ಲಿ. ಅಷ್ಟೊತ್ತಿಗೆ ಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು, ಕಾರ್ಖಾನೆ ನಷ್ಟದಲ್ಲಿತ್ತು. ಮಹಾರಾಜರ ಸರ್ಕಾರ ಅವರನ್ನೇ ಮತ್ತೆ ಕರೆಸಿತು. ಈ ಸಲ ದಿವಾನರಾಗಿ ಅಲ್ಲ, ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ. ಬಂದರು, 1929ರವರೆಗೆ ನಿಂತು ಅದನ್ನು ಹಳಿಗೆ ತಂದರು. ಈಗ ಆ ಕಾರ್ಖಾನೆಗೆ ಅವರದೇ ಹೆಸರು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಶಿವಮೊಗ್ಗ ಸೀಮೆಯ ರಾಜಕಾರಣಿಗಳು ಪಕ್ಷಭೇದವಿಲ್ಲದೆ ದೆಹಲಿಗೆ ಓಡಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ರೋಲಿಂಗ್ ಕೆಲಸ ಮತ್ತೆ ಶುರುವಾಯಿತು.